ಮೇಜಿನ ಆಚೆ ಕೂತವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಅಂಚಿನಲ್ಲಿ ಮನೆ ಹುಡುಕುತ್ತಿರುವ ಎಳೆಯ ತಂದೆತಾಯಿಯರೇ,

ಬ್ಯಾಂಕೊಂದರ ಗೃಹಸಾಲದ ಮೇಜಿನ ಹಿಂದೆ ಹದಿನೆಂಟು ವರ್ಷ ಕೂತವಳು ನಾನು. ನಿಮ್ಮಲ್ಲಿ ಕೆಲವರು ನನ್ನನ್ನು ಮೇಡಂ ಅನ್ನುತ್ತೀರಿ. ಎರಡನೆಯ ಸಲ ಬರುವ ಹೊತ್ತಿಗೆ ಅಕ್ಕಾ ಅನ್ನುವವರೂ ಇದ್ದಾರೆ. ನೀವು ಬರುವಾಗ ಸಾಮಾನ್ಯವಾಗಿ ಮೂರು ಜನ ಇರುತ್ತೀರಿ. ಮೂರನೆಯವರು ಅಮ್ಮನ ಮಡಿಲಲ್ಲಿ ಕೂತು ನನ್ನ ಸ್ಟೇಪ್ಲರಿಗೆ ಕೈ ಚಾಚುತ್ತಿರುತ್ತಾರೆ. ನಾನು ನಿಮ್ಮ ಸಂಬಳದ ಚೀಟಿ ಕೇಳುತ್ತೇನೆ, ಸಿಬಿಲ್ ಅಂಕ ನೋಡುತ್ತೇನೆ, ಹಿಂದಿನ ಸಾಲ ಕೇಳುತ್ತೇನೆ, ಋಣಭಾರ ಪತ್ರ ತರಿಸುತ್ತೇನೆ. ಆ ಮೂರನೆಯವರು ಸಂಜೆ ಐದು ಗಂಟೆಗೆ ಎಲ್ಲಿ ಆಡುತ್ತಾರೆ ಎಂದು ಕೇಳುವ ಕಾಲಂ ಮಾತ್ರ ನಮ್ಮ ಅರ್ಜಿಯಲ್ಲಿ ಇಲ್ಲ. ಕೇಳುವುದು ನನ್ನ ಕೆಲಸವೂ ಅಲ್ಲ. ಮುಂದಿನ ವರ್ಷ ನಿವೃತ್ತಳಾಗುತ್ತೇನೆ. ಮೇಜಿನ ಈಚೆಯಿಂದ ಹೇಳಲಾಗದೆ ಉಳಿದದ್ದನ್ನು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನೀವು ತರುವ ಬ್ರೋಷರುಗಳಲ್ಲಿ ಒಂದು ಸಾಲು ತಪ್ಪುವುದಿಲ್ಲ. ಮೆಟ್ರೋಗೆ ಐದು ನಿಮಿಷ, ಟೆಕ್ ಪಾರ್ಕಿಗೆ ಹದಿನೈದು ನಿಮಿಷ, ವಿಮಾನ ನಿಲ್ದಾಣಕ್ಕೆ ಮೂವತ್ತು. ಈ ನಿಮಿಷಗಳನ್ನು ಯಾರು, ಯಾವ ಹೊತ್ತಿನಲ್ಲಿ ಅಳೆದರೋ! ಭಾನುವಾರ ಬೆಳಗಿನ ಆರಕ್ಕೆ ಅಳೆದಿರಬೇಕು. ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದೂ ಭಾನುವಾರವೇ. ಅವರದೇ ಕಾರು, ಅವರದೇ ಟೀ, ಮಾದರಿ ಮನೆಯಲ್ಲಿ ತಣ್ಣನೆಯ ಏಸಿ. ಬಾಲ್ಕನಿಯಿಂದ ಕಾಣುವ ರಾಗಿ ಹೊಲವನ್ನು ನೋಡಿ ನಿಮಗೆ ನಿಮ್ಮ ಊರು ನೆನಪಾಗುತ್ತದೆ. ಆ ರಾಗಿ ಹೊಲವೂ ಎರಡೇ ವರ್ಷದಲ್ಲಿ ಇನ್ನೊಂದು ಬ್ರೋಷರು ಆಗುತ್ತದೆ ಅನ್ನುವುದು ಆಗ ಹೊಳೆಯುವುದಿಲ್ಲ.

ನಮಗೂ ಹೊಳೆದಿರಲಿಲ್ಲ. 2007ರಲ್ಲಿ ನಾವು ಸರ್ಜಾಪುರ ರಸ್ತೆಯ ಒಳಗೆ, ಡಾಂಬರು ಮುಗಿದ ಮೇಲೂ ಒಂದೂವರೆ ಕಿಲೋಮೀಟರು ಹೋದರೆ ಸಿಗುವ ಕಡೆ ಫ್ಲಾಟು ಕೊಂಡೆವು. ಯಜಮಾನರ ಆಫೀಸು ಆಗ ಹೊರವರ್ತುಲ ರಸ್ತೆಯಲ್ಲಿತ್ತು. ಆಫೀಸಿಗೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಕೊಂಡದ್ದು. ಮೂರು ವರ್ಷ ತುಂಬುವ ಮೊದಲೇ ಅವರು ಕೆಲಸ ಬದಲಿಸಿದರು. ಹೊಸ ಆಫೀಸು ಮೈಸೂರು ರಸ್ತೆಯಲ್ಲಿ, ಅಂದರೆ ಊರಿನ ಈ ತುದಿಯಿಂದ ಆ ತುದಿಗೆ. ಕೆಲಸಕ್ಕೆ ಮೂರು ವರ್ಷ ಆಯಸ್ಸು, ಸಾಲಕ್ಕೆ ಇಪ್ಪತ್ತು ವರ್ಷ. ದಿನಾ ಅದೇ ಲೆಕ್ಕ ಮಾಡುವ ನನಗೇ ಇದು ತಿಳಿಯಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಆಫೀಸಿನ ಪಕ್ಕ ಮನೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಆಫೀಸನ್ನು ನೋಡಿಕೊಂಡು ಮನೆ ಕೊಳ್ಳಬೇಡಿ ಎನ್ನುತ್ತಿದ್ದೇನೆ. ಆಫೀಸಿನ ಪಕ್ಕದ್ದು ಬಾಡಿಗೆ ಮನೆಯಾಗಿದ್ದರೆ ಸಾಕು.

ಆ ಫ್ಲಾಟಿನಲ್ಲಿ ಎಲ್ಲ ಇತ್ತು: ಈಜುಕೊಳ, ಜಿಮ್ಮು, ಗೇಟಿನಲ್ಲಿ ಸಲ್ಯೂಟು ಹೊಡೆಯುವ ಕಾವಲುಗಾರ. ಹೊರಗೆ ಏನೂ ಇರಲಿಲ್ಲ. ನಮ್ಮ ಅತ್ತೆ ತಿಪಟೂರಿನಿಂದ ಬಂದು ಎರಡು ತಿಂಗಳು ಇದ್ದರು. ಒಂದು ದಿನ ಕಾಫಿ ಲೋಟ ಕೆಳಗಿಟ್ಟು, “ಇಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರು ತೆಗೀಬೇಕಲ್ಲ ಕಣಮ್ಮ” ಅಂದರು. ದೂರುವ ದನಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಮಗಳಿಗೆ ಆಗ ಆರು ವರ್ಷ. ಶಾಲೆಯ ವ್ಯಾನು ಆರೂ ಮುಕ್ಕಾಲಿಗೆ ಬರುತ್ತಿತ್ತು. ಊರೆಲ್ಲ ಸುತ್ತಿ ಕೊನೆಯಲ್ಲಿ ಇಳಿಸುವುದರಿಂದ ಮನೆ ಮುಟ್ಟುವ ಹೊತ್ತಿಗೆ ನಾಲ್ಕೂವರೆ ಆಗುತ್ತಿತ್ತು. ಶೂ ಬಿಚ್ಚುವ ಮೊದಲೇ ಸೋಫಾದ ಮೇಲೆ ನಿದ್ದೆ. ಈಜುಕೊಳ ಯಾರಿಗೆ? ಮನೆ ಹುಡುಕುವಾಗ ನಾವು ಇಬ್ಬರ ಪ್ರಯಾಣವನ್ನಷ್ಟೇ ಲೆಕ್ಕ ಹಾಕಿದ್ದೆವು. ಆ ಮನೆಯಲ್ಲಿ ಅತಿ ಹೆಚ್ಚು ಪ್ರಯಾಣ ಮಾಡುತ್ತಿದ್ದವಳು ಆರು ವರ್ಷದ ಹುಡುಗಿ. ಕದಲಲು ದಾರಿಯೇ ಇಲ್ಲದೆ ಕೂತವರು ಅರವತ್ತೆಂಟು ವರ್ಷದ ಅಜ್ಜಿ.

2011ರಲ್ಲಿ ಅದನ್ನು ಮಾರಿ ಕೆಂಗೇರಿ ಉಪನಗರಕ್ಕೆ ಬಂದೆವು. ಮೊದಲು ಬಾಡಿಗೆಗೆ, ಆಮೇಲೆ ಸ್ವಂತಕ್ಕೆ. ‘ಉಪನಗರ’ ಎಂಬ ಮಾತು ನಮ್ಮಲ್ಲಿ ಪುಸ್ತಕದ ಮಾತಲ್ಲ, ಬಸ್ಸಿನ ಬೋರ್ಡಿನ ಮಾತು. ಕರ್ನಾಟಕ ಗೃಹ ಮಂಡಳಿ ಕೆಂಗೇರಿ ಮತ್ತು ಯಲಹಂಕದ ಪಕ್ಕ ಕಟ್ಟಿದ ಬಡಾವಣೆಗಳನ್ನು ಜನ ಈಗಲೂ ಉಪನಗರ ಎಂದೇ ಕರೆಯುತ್ತಾರೆ. ಎಲ್‌ಐಜಿ, ಎಂಐಜಿ ಎಂದು ವಿಂಗಡಿಸಿದ ಸಣ್ಣ ಸಣ್ಣ ಮನೆಗಳು, ನೆಟ್ಟಗಿನ ಅಡ್ಡರಸ್ತೆಗಳು, ನಡುನಡುವೆ ಒಂದು ಮೈದಾನ. ನೋಡಲು ಚೆಂದವೇನಲ್ಲ. ಆದರೆ ಪಕ್ಕದಲ್ಲೇ ಹಳೆಯ ಕೆಂಗೇರಿ ಇತ್ತು. ಪೇಟೆ, ರೈಲು ನಿಲ್ದಾಣ, ಸರ್ಕಾರಿ ಶಾಲೆ, ದೇವಸ್ಥಾನ, ಚಕ್ಕುಲಿ ಅಂಗಡಿ, ಸೈಕಲ್ಲಿಗೆ ಪಂಕ್ಚರ್ ಹಾಕುವವನು ಎಲ್ಲ ಇದ್ದ ಒಂದು ಊರು. ನಮ್ಮನ್ನು ಉಳಿಸಿದ್ದು ಉಪನಗರವಲ್ಲ, ಆ ಊರು.

ಈ ಪತ್ರದಲ್ಲಿ ನನಗೆ ಹೇಳಲಿಕ್ಕಿರುವುದು ಅದೊಂದೇ. ಬಡಾವಣೆ ಹುಡುಕಬೇಡಿ, ಊರು ಹುಡುಕಿ. ಬೆಂಗಳೂರು ಬಂದು ಮುಟ್ಟುವ ಮೊದಲೇ ಊರಾಗಿದ್ದ ಕಡೆ ನೋಡಿ. ಯಲಹಂಕ, ಕೆಂಗೇರಿ, ಆನೇಕಲ್, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ, ಬಿಡದಿ, ರಾಮನಗರ. ಇವು ನಮಗಾಗಿ ಹುಟ್ಟಿದವಲ್ಲ, ನಾವು ಹೋದರೂ ಇರುತ್ತವೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿದೆ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ಹೊಸಕೋಟೆಯಲ್ಲಿ ಬೆಳಗಿನ ಜಾವಕ್ಕೇ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ತಮ್ಮದೇ ದುಡಿಮೆ ಇರುವ ಊರಿನಲ್ಲಿ ಹಗಲು ಹೊತ್ತು ಬೀದಿಯಲ್ಲಿ ಜನ ಇರುತ್ತಾರೆ. ಬೀದಿಯಲ್ಲಿ ಜನ ಇದ್ದರೆ ಮಗುವನ್ನು ಹೊರಗೆ ಬಿಡಬಹುದು. ಸಿಸಿಟಿವಿಗಿಂತ ಎದುರು ಮನೆ ಜಗುಲಿಯ ಅಜ್ಜಿ ಮೇಲು. ಅವರು ನೋಡುವುದಷ್ಟೇ ಅಲ್ಲ, ಗದರುತ್ತಾರೆ ಕೂಡ.

ಒಂದು ಪರೀಕ್ಷೆ ಮಾಡಿ. ಹತ್ತು ವರ್ಷದ ಮಗು ಒಬ್ಬಳೇ ಹೋಗಿ ಮೊಸರು ತಂದುಬಿಡಬಹುದೇ? ನನ್ನ ಮಗಳು ಕೆಂಗೇರಿಯಲ್ಲಿ ಎಂಟನೆಯ ವಯಸ್ಸಿಗೇ ತಂದಳು. ಮೊದಲ ದಿನ ನಾನು ಗೇಟಿನಲ್ಲೇ ನಿಂತಿದ್ದೆ. ಹನ್ನೆರಡು ನಿಮಿಷ ಆಯಿತು. ಅಂಗಡಿಯವರು ಚಿಲ್ಲರೆ ಇಲ್ಲವೆಂದು ಎರಡು ರೂಪಾಯಿಗೆ ಚಾಕಲೇಟು ಕೊಟ್ಟಿದ್ದರು. ಅದನ್ನು ತಿನ್ನುತ್ತಾ ನಿಧಾನವಾಗಿ ಬರುತ್ತಿದ್ದಳು. ಆ ದಿನ ಅವಳು ಒಂದು ಗೇಣು ಬೆಳೆದಿದ್ದಳು. ಮುಂದೆ ಇದೇ ಹುಡುಗಿ ಸೈಕಲ್ಲಿನಲ್ಲಿ ಶಾಲೆಗೆ ಹೋದಳು, ಅಜ್ಜಿಗೆ ಬಿ.ಪಿ. ಮಾತ್ರೆ ತಂದಳು, ಮೈದಾನದಲ್ಲಿ ಹುಡುಗರ ಜೊತೆ ಜಗಳವಾಡಿ ಕ್ರಿಕೆಟ್ಟಿಗೆ ಸೇರಿಕೊಂಡಳು. ಈ ಯಾವುದಕ್ಕೂ ನಾವು ಫೀಸು ಕಟ್ಟಲಿಲ್ಲ. ಅಜ್ಜಿಯ ಪರೀಕ್ಷೆಯೂ ಇದೇ ಬಗೆಯದು: ದೇವಸ್ಥಾನಕ್ಕೆ, ಔಷಧಿ ಅಂಗಡಿಗೆ, ಇಬ್ಬರು ಓರಗೆಯವರ ಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ಬರಲಾಗಬೇಕು. ನಮ್ಮ ಅತ್ತೆ ಆಮೇಲೆ ಎರಡು ತಿಂಗಳಿಗೆಂದು ಬಂದವರು ಒಂಬತ್ತು ವರ್ಷ ಇದ್ದರು.

ಇನ್ನು ಓಡಾಟದ ಮಾತು. ಇದರಲ್ಲಿ ನನಗೆ ನಿಮಗಿಂತ ಹೆಚ್ಚು ಅನುಭವ ಎಂಬ ಜಂಬ ಇದೆ, ಸಹಿಸಿಕೊಳ್ಳಿ. ಕೆಂಗೇರಿಗೆ ಬಂದಾಗ ಮೆಟ್ರೋ ಇರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಷ್ಟೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮೊದಲ ರೈಲು ಓಡಿತು. ಅದು ನಮ್ಮ ಕೆಂಗೇರಿಗೆ ತಲುಪಿದ್ದು 2021ರ ಆಗಸ್ಟ್‌ನಲ್ಲಿ. ಹತ್ತು ವರ್ಷ ನಾನು ಬಸ್ಸಿನಲ್ಲಿ ಮೈಸೂರು ರಸ್ತೆಯ ಒಂದೊಂದು ಗುಂಡಿಯನ್ನೂ ಬಲ್ಲವಳಾದೆ. ಅಷ್ಟರಲ್ಲಿ ಯಜಮಾನರು ಮತ್ತೆ ಕೆಲಸ ಬದಲಿಸಿ ವೈಟ್‌ಫೀಲ್ಡ್ ಸೇರಿದ್ದರು. ಈ ಸಲ ಮನೆ ಬದಲಿಸಲಿಲ್ಲ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ಬಂತು. ಆದರೆ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಎರಡು ಕಿಲೋಮೀಟರಿನ ತುಂಡು ಬಾಕಿ. ಆ ತುಂಡಿಗಾಗಿ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೋ ಹತ್ತಬೇಕಿತ್ತು. ಅದೇ ವರ್ಷದ ಅಕ್ಟೋಬರ್ 9ರಂದು ಅದು ಕೂಡಿಕೊಂಡಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನಲವತ್ಮೂರು ಕಿಲೋಮೀಟರು ಒಂದೇ ರೈಲು. ಈಗಲೂ ಅವರಿಗೆ ಒಂದು ಕಡೆಗೆ ಒಂದೂವರೆ ಗಂಟೆ ಹತ್ತಿರ ಹತ್ತಿರ ಬೇಕು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೂತು ಓದುವ ಒಂದೂವರೆ ಗಂಟೆಯೇ ಬೇರೆ, ಕ್ಲಚ್ಚು ತುಳಿಯುವ ಒಂದೂವರೆ ಗಂಟೆಯೇ ಬೇರೆ.

‘ಕೂತು’ ಎಂದೆನಲ್ಲ, ಗುಟ್ಟು ಅದರಲ್ಲೇ ಇದೆ. ಸಾಲಿನ ತುದಿಯ ನಿಲ್ದಾಣದ ಹತ್ತಿರ ಮನೆ ಮಾಡಿದರೆ ಬೆಳಿಗ್ಗೆ ಸೀಟು ಸಿಗುತ್ತದೆ. ಚಲ್ಲಘಟ್ಟ, ವೈಟ್‌ಫೀಲ್ಡ್, ಮಾದಾವರ, ರೇಷ್ಮೆ ಸಂಸ್ಥೆ, ಬೊಮ್ಮಸಂದ್ರ ಇವು ಈಗಿನ ತುದಿಗಳು. ನಗರದ ನಡುವಿಗೆ ಒಂದೊಂದು ನಿಲ್ದಾಣ ಹತ್ತಿರವಾದಷ್ಟೂ ಬಾಡಿಗೆ ಏರುತ್ತದೆ, ಸೀಟು ಇಳಿಯುತ್ತದೆ. ಎರಡನೆಯದು, ರೈಲು ಇದೆ ಎಂಬುದಕ್ಕಿಂತ ಎಷ್ಟು ಹೊತ್ತಿಗೊಂದು ಇದೆ ಎಂದು ಕೇಳಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ಮೂರೇ ರೈಲು ಇದ್ದವು, ಇಪ್ಪತ್ತೈದು ನಿಮಿಷಕ್ಕೊಂದು. ಒಂದು ತಪ್ಪಿದರೆ ಮಗುವಿನ ಡೇಕೇರ್ ಮುಚ್ಚುವ ಹೊತ್ತು. ಮೂರನೆಯದು ದುಡ್ಡು. ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಇಬ್ಬರೂ ದೂರ ಹೋಗುವವರಾದರೆ ತಿಂಗಳಿಗೆ ಎಷ್ಟಾಯಿತು ಎಂದು ಇಎಂಐ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಬರಲಿರುವ ರೈಲನ್ನು ನಂಬಿ ಸಾಲ ಮಾಡಬೇಡಿ. ಉಪನಗರ ರೈಲಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಎಷ್ಟು ಮುದ್ದಾದ ಹೆಸರಿಟ್ಟಿದ್ದಾರೆ! 148 ಕಿಲೋಮೀಟರಿನ ಯೋಜನೆ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ನನ್ನ ಮೇಜಿಗೆ ಬರುವ ಬ್ರೋಷರುಗಳಲ್ಲಿ ಈ ಹೂವುಗಳು ಅವತ್ತಿನಿಂದಲೇ ಅರಳಿಬಿಟ್ಟಿವೆ. ಹೂ ಬಿಟ್ಟಾಗ ಮುಡಿಯೋಣ, ಈಗ ಇರುವ ಗಾಡಿಗಳನ್ನು ನೋಡಿ. ರಾಮನಗರ, ಮಂಡ್ಯ, ತುಮಕೂರು, ಬಂಗಾರಪೇಟೆಗಳಿಂದ ತಿಂಗಳ ಪಾಸು ಇಟ್ಟುಕೊಂಡು ದಿನಾ ಬೆಂಗಳೂರಿಗೆ ಬಂದುಹೋಗುವ ಜನ ತಲೆಮಾರಿನಿಂದ ಇದ್ದಾರೆ. ಅವರಿಗೆ ಯಾವ ಬೋಗಿ ಯಾವ ಮೆಟ್ಟಿಲ ಎದುರು ನಿಲ್ಲುತ್ತದೆ ಎಂಬುದೂ ಗೊತ್ತು. ಒಂದು ವಾರ ಅವರ ಜೊತೆ ಓಡಾಡಿ ನೋಡಿ. ಗಾಡಿ ಎಷ್ಟು ದಿನ ತಡವಾಯಿತು ಎಂದು ಯಾವ ಬ್ರೋಷರೂ ಹೇಳುವುದಿಲ್ಲ, ಅವರು ಹೇಳುತ್ತಾರೆ.

ಬಸ್ಸನ್ನು ಮರೆಯಬೇಡಿ. ನಿಮಗೆ ಬೇಡದಿರಬಹುದು, ನಿಮ್ಮ ಮಗುವನ್ನು ನೋಡಿಕೊಳ್ಳಲು ಬರುವಾಕೆಗೆ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಬಸ್ಸು ಬರುವ ರಸ್ತೆಯಲ್ಲಿ ಮನೆಕೆಲಸಕ್ಕೆ ಜನ ಸಿಗುತ್ತಾರೆ, ಬಾರದ ರಸ್ತೆಯಲ್ಲಿ ಸಿಗುವುದಿಲ್ಲ. ಇಷ್ಟು ಸರಳ.

ನೀರಿನ ವಿಷಯಕ್ಕೆ ಬರೋಣ. 2024ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ನಗರದ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಆ ಮಾರ್ಚ್‌ನಲ್ಲಿ ನನ್ನ ಎದುರು ಕೂತ ಒಬ್ಬ ಹುಡುಗಿ ಕೋಟಿ ರೂಪಾಯಿ ಮನೆಯ ಕಂತು ಕಟ್ಟುತ್ತಾ, ಮಗುವಿನ ಬಟ್ಟೆ ಒಗೆಯಲು ತವರಿಗೆ ಹೋಗುತ್ತಿದ್ದಳು. ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರು, 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು. ಇದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ನೀವು ನೋಡಲು ಹೋದ ಮನೆಯಲ್ಲಿ “ಕಾವೇರಿ ಕನೆಕ್ಷನ್ ಇದೆ” ಎಂದಾಗ ಅಲ್ಲಿಗೇ ನಿಲ್ಲಿಸಬೇಡಿ. ಪೈಪು ಇದೆಯೇ, ನೀರು ಬರುತ್ತದೆಯೇ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು? ಇದನ್ನು ಮಾರುವವರನ್ನಲ್ಲ, ಅಲ್ಲೇ ಬಾಡಿಗೆಗಿರುವವರನ್ನು ಕೇಳಿ. ಬಾಡಿಗೆದಾರರಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರುವುದಿಲ್ಲ. ಪಾಲಿಕೆಯ ಗಡಿಯ ಆಚೆ, ಪಂಚಾಯಿತಿ ವ್ಯಾಪ್ತಿಯಲ್ಲಿ ಕೊಳ್ಳುವವರಾದರೆ ಈ ಪ್ರಶ್ನೆಯನ್ನು ಎರಡು ಸಲ ಕೇಳಿ.

ನೀರು ಬಾರದಿದ್ದರೆ ಒಂದು ಕಷ್ಟ, ಬೇಡದ ಕಡೆ ಬಂದರೆ ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಬಂಗಲೆಯವರನ್ನೆಲ್ಲ ಟ್ರ್ಯಾಕ್ಟರುಗಳಲ್ಲಿ ಹೊರತಂದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ದೊಡ್ಡ ವಸತಿ ಸಮುಚ್ಚಯವೊಂದು ಮುಳುಗಿ ದೋಣಿ ಬಂತು. ಹಾಗಾಗಿ ಹಳೆಯ ಊರು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಿ ಎಂದು ನಾನೂ ಹೇಳಲಾರೆ. ಆದರೆ ಹಳಬರು ಹೆಸರಿನಲ್ಲೇ ಎಚ್ಚರಿಕೆ ಇಟ್ಟು ಹೋಗಿದ್ದಾರೆ. ನಾಗಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ ಅಂದರೆ ಸಮುದ್ರ. ಕಡಲು ಕಾಣದ ಸೀಮೆಯಲ್ಲಿ ಕೆರೆಯನ್ನೇ ಸಮುದ್ರ ಎಂದರು. ರಾಜಾನುಕುಂಟೆಯಲ್ಲಿ ಕುಂಟೆ ಇದೆ, ಗೊಟ್ಟಿಗೆರೆಯಲ್ಲಿ ಕೆರೆ ಇದೆ, ಕೊತ್ತನೂರು ದಿಣ್ಣೆಯಲ್ಲಿ ದಿಣ್ಣೆ ಇದೆ. ಸಂದ್ರದಲ್ಲೆಲ್ಲ ನೀರು ನುಗ್ಗುತ್ತದೆ ಎಂದಲ್ಲ. ಅಲ್ಲಿ ಕೆರೆ ಎಲ್ಲಿತ್ತು, ಕೋಡಿ ಯಾವ ಕಡೆಗೆ ಹರಿಯುತ್ತಿತ್ತು ಎಂದು ಊರಿನ ಹಿರಿಯರೊಬ್ಬರನ್ನು ಕೇಳಿ. ಸರ್ವೆ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರು ನೋಡಿ, ಹಳೆಯ ನಕ್ಷೆಯಲ್ಲಿ ರಾಜಕಾಲುವೆ ಹಾದುಹೋಗಿದೆಯೇ ಎಂದು ಹೋಲಿಸಿ. ಹತ್ತು ನಿಮಿಷದ ಕೆಲಸ. ಟೈಲ್ಸಿನ ಬಣ್ಣ ಆರಿಸಲು ನೀವು ಎರಡು ಭಾನುವಾರ ಕಳೆಯುತ್ತೀರಿ.

ಕಾಗದಪತ್ರದ ಬಗ್ಗೆ ನಾನು ಹೆಚ್ಚು ಬರೆದರೆ ಈ ಪತ್ರ ಬ್ಯಾಂಕಿನ ಸುತ್ತೋಲೆ ಆಗಿಬಿಡುತ್ತದೆ. ರೇರಾ ನೋಂದಣಿ, ಭೂಪರಿವರ್ತನೆ ಆದೇಶ, ಸ್ವಾಧೀನಾನುಭವ ಪತ್ರ ಅಂದರೆ ಓಸಿ, ಖಾತಾ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರು ಹೇಳಿದ ವಕೀಲರಿಗಲ್ಲ. ಪಂಚಾಯಿತಿಯ 11ಬಿ ನಮೂನೆ ತೋರಿಸಿ “ನಾಳೆ ಸರಿಹೋಗುತ್ತೆ” ಎನ್ನುವವರಿಗೆ, ಸರಿಹೋದ ಮೇಲೆ ಬರುತ್ತೇನೆ ಅನ್ನಿ. ಬ್ಯಾಂಕು ಸಾಲ ಕೊಟ್ಟಿತು ಎಂದರೆ ಎಲ್ಲ ಸರಿಯಿದೆ ಎಂದಲ್ಲ. ಇದನ್ನು ನಾನೇ ಹೇಳಬೇಕು, ಹೇಳುತ್ತಿದ್ದೇನೆ.

ಗೇಟು ಹಾಕಿದ ಸಮುಚ್ಚಯಗಳ ಮೇಲೆ ನನಗೆ ಸಿಟ್ಟು ಎಂದುಕೊಳ್ಳಬೇಡಿ. ಊರಿನ ನಡುವೆ ಇರುವ ಸಮುಚ್ಚಯ ಒಳ್ಳೆಯದೇ. ಸಂಜೆ ಮಕ್ಕಳು ಒಟ್ಟಿಗೆ ಸೇರುತ್ತಾರೆ, ಗಾಡಿಗಳ ಭಯವಿಲ್ಲ. ನನ್ನ ತಕರಾರು ಹೊಲದ ನಡುವೆ ಒಂಟಿಯಾಗಿ ಎದ್ದ ಹದಿನಾಲ್ಕು ಮಹಡಿಯ ಬಗ್ಗೆ. ಅಲ್ಲಿ ಗೇಟಿನಿಂದ ಹೊರಟ ಮಗು ಮುಂದಿನ ಹೆಜ್ಜೆ ಕಾರಿನೊಳಗೇ ಇಡಬೇಕು.

ಕೆಂಗೇರಿಯೂ ಸ್ವರ್ಗವಲ್ಲ. ವೃಷಭಾವತಿ ಒಂದು ಕಾಲಕ್ಕೆ ನದಿ, ಈಗ ಊರಿನ ಕೊಳೆಯೆಲ್ಲ ಹೊತ್ತು ನಮ್ಮ ಪಕ್ಕದಲ್ಲೇ ಹರಿಯುತ್ತದೆ. ಗಾಳಿ ತಿರುಗಿದ ಸಂಜೆಗಳಲ್ಲಿ ಕಿಟಕಿ ಮುಚ್ಚುತ್ತೇವೆ. ಮೈಸೂರು ರಸ್ತೆ ದಾಟಲು ನಮ್ಮ ಅತ್ತೆ ಕೊನೆಯವರೆಗೂ ಹೆದರುತ್ತಿದ್ದರು. ಮೆಟ್ರೋ ಬಂದ ಮೇಲೆ ಬಾಡಿಗೆ ಏರಿ, ನಮ್ಮ ಬೀದಿಯಲ್ಲಿದ್ದ ಇಬ್ಬರು ಆಟೋದವರು ಇನ್ನೂ ಆಚೆಗೆ ಹೋದರು. ಊರನ್ನು ಹುಡುಕಿಕೊಂಡು ಬಂದ ನಮ್ಮಂಥವರೇ ಊರಿನವರನ್ನು ತಳ್ಳುತ್ತೇವಲ್ಲ ಎಂಬ ಚುಚ್ಚು ನನ್ನಲ್ಲಿದೆ. ಅದಕ್ಕೆ ಮದ್ದು ನನಗೆ ಸಿಕ್ಕಿಲ್ಲ.

ಕೊಳ್ಳುವ ಮೊದಲು ಆ ಊರಿನಲ್ಲಿ ಬಾಡಿಗೆಗೆ ಇದ್ದು ನೋಡಿ. ಹೇಗೂ ನಮ್ಮಲ್ಲಿ ಕರಾರು ಹನ್ನೊಂದು ತಿಂಗಳಿನದು. ಜೂನ್‌ನಲ್ಲಿ ಶಾಲೆ ತೆರೆಯುವಾಗ ಹೋದರೆ ಏಪ್ರಿಲ್ ಮುಗಿಯುವ ಹೊತ್ತಿಗೆ ಮಳೆಯನ್ನೂ ಕಂಡಿರುತ್ತೀರಿ, ಬತ್ತಿದ ನಲ್ಲಿಯನ್ನೂ ಕಂಡಿರುತ್ತೀರಿ. ಅಷ್ಟು ಸಾಧ್ಯವಿಲ್ಲದಿದ್ದರೆ ಒಂದು ಸೋಮವಾರ ರಜೆ ಹಾಕಿ. ಬೆಳಿಗ್ಗೆ ಎಂಟಕ್ಕೆ ಆ ಮನೆಯ ಬಾಗಿಲಿನಿಂದ ಹೊರಟು ಆಫೀಸಿನ ಬಾಗಿಲು ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ವಾಪಸು ಬನ್ನಿ. ರಾತ್ರಿ ಒಂಬತ್ತಕ್ಕೆ ಒಂದು ಸಲ ನಿಲ್ದಾಣದಿಂದ ಮನೆಗೆ ನಡೆಯಿರಿ, ದೀಪ ಎಲ್ಲಿ ಮುಗಿಯುತ್ತದೆ ನೋಡಿಕೊಳ್ಳಿ. ಗಂಡಸರು ಹೋಗಿ ಬಂದು “ಏನೂ ತೊಂದರೆ ಇಲ್ಲ” ಎಂದರೆ ಸಾಲದು. ಹೆಂಡತಿಯೂ ಒಬ್ಬರೇ ನಡೆದು ನೋಡಬೇಕು.

ಆಮೇಲೆ ನನ್ನ ಮೇಜಿಗೆ ಬನ್ನಿ. ಕೆಂಗೇರಿಯನ್ನೇ ನೋಡುವ ಮನಸ್ಸಿದ್ದರೆ ಮೊದಲು ಮನೆಗೇ ಬನ್ನಿ, ಮಗುವನ್ನೂ ಕರೆತನ್ನಿ. ನಮ್ಮ ಬೀದಿಯಲ್ಲಿ ಎರಡು ಮನೆ ಖಾಲಿ ಇವೆ. ಒಂದರ ಎದುರು ತೆರೆದ ಚರಂಡಿ ಇದೆ, ಅದನ್ನೂ ತೋರಿಸುತ್ತೇನೆ.

ಇತಿ ನಿಮ್ಮ,
ಗೃಹಸಾಲದ ಮೇಜಿನ ಅಕ್ಕ